ಹಿಂದಿನ ದಿನಾಂಕ ಹಾಕಿದ ಹಬ್ಬ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಸಾಕು, ಮುಂಬಯಿಯ ದೊಡ್ಡ ಅಂಗಡಿಗಳ ಗಾಜಿನ ಹಿಂದೆ ಹಿಮ ಬೀಳಲು ಶುರುವಾಗುತ್ತದೆ. ಗಾಜಿನ ಈಚೆ ನಾವು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಬಸ್ಸಿಗೆ ಕಾದಿರುತ್ತೇವೆ. ಗಾಜಿನ ಆಚೆ ಹತ್ತಿಯ ಹಿಮ, ಪ್ಲಾಸ್ಟಿಕ್ಕಿನ ಮರ, ಉಣ್ಣೆಯ ಕಾಲುಚೀಲ, ಗಾಡಿ ಎಳೆಯುವ ಜಿಂಕೆ. ಇದು ಹಳೆಯ ಕತೆ; ಇದಕ್ಕೆ ಹೊಸದಾಗಿ ಕೋಪಿಸಿಕೊಳ್ಳುವ ಅಗತ್ಯವಿಲ್ಲ. ನನಗೆ ಕೋಪ ಬಂದಿರುವುದು ಈಚಿನ ವರ್ಷಗಳಲ್ಲಿ ಅದೇ ಸರಕಿನ ಮೇಲೆ ಅಂಟಿಸುತ್ತಿರುವ ಹೊಸ ಚೀಟಿಯನ್ನು ಕಂಡು. ಆ ಚೀಟಿಯ ಮೇಲೆ ಬರೆದಿರುವುದು ‘ವಿಂಟೇಜ್’. ಹೊಸದಾಗಿ ಮಾಡಿ, ಉಪ್ಪುಕಾಗದದಿಂದ ತಿಕ್ಕಿ, ಮೂಲೆಗಳಲ್ಲಿ ಬಣ್ಣ ಕೆರೆದ ತಗಡಿನ ಗಂಟೆ. ತುಕ್ಕು ಹಿಡಿದಂತೆ ಕಾಣಲು ಕಂದುಬಣ್ಣ ಬಳಿದ ಲಾಟೀನು. ಯಾರದೋ ಅಜ್ಜನ ಕೈಬರಹದಂತೆ ಅಚ್ಚುಹಾಕಿ ಅಂಚು ಹಳದಿ ಮಾಡಿದ ಶುಭಾಶಯ ಪತ್ರ. ಇವನ್ನು ಕೊಂಡುತಂದು ಗೋಡೆಗೆ ತೂಗಿಸಿದರೆ ಮನೆಗೆ ಸಂಪ್ರದಾಯದ ಕಳೆ ಬರುತ್ತದಂತೆ.

ಬರುವುದಿಲ್ಲ ಎಂಬುದು ನನ್ನ ವಾದ. ಸಂಪ್ರದಾಯವು ವಸ್ತುವಿನ ಮೈಮೇಲಿನ ಕಲೆಯಲ್ಲಿಲ್ಲ. ಅದನ್ನು ಮಾಡುವ, ಹಬ್ಬ ಮುಗಿದ ಮೇಲೆ ಜೋಪಾನವಾಗಿ ಎತ್ತಿಡುವ, ಮರುವರ್ಷ ಮತ್ತೆ ಬಿಚ್ಚುವ ಮನೆಮಂದಿಯ ಕೈಯಲ್ಲಿದೆ. ಮನೆಯಲ್ಲಿದ್ದ ನಿಜವಾದ ಹಳೆಯದನ್ನು ಅಟ್ಟಕ್ಕೆ ತಳ್ಳಿ, ಅಂಗಡಿಯ ಸುಳ್ಳು ಹಳೆಯದನ್ನು ಹಣ ಕೊಟ್ಟು ತರುವುದು ಹಬ್ಬಕ್ಕೂ ಮನೆಯ ಹಿರಿಯರಿಗೂ ಮಾಡುವ ಅವಮಾನ.

ಇಷ್ಟು ಮಾತನಾಡಲು ನೀನು ಯಾರು ಎಂದು ಓದುಗರು ಕೇಳಬಹುದು. ನಾನು ಕರಾವಳಿಯಿಂದ ಈ ನಗರಕ್ಕೆ ಬಂದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತನಾಗಿರುವ ಒಬ್ಬ ಕೆಥೋಲಿಕ. ಮನೆಮಾತು ಕೊಂಕಣಿ, ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ, ಪದವಿ ರಸಾಯನಶಾಸ್ತ್ರದ ಬಿಎಸ್ಸಿ, ಅನ್ನ ಹಾಕುತ್ತಿರುವುದು ಕಡತ. ಆದ್ದರಿಂದ ಈ ವಿಷಯವನ್ನೂ ಒಂದು ಕಡತದಂತೆಯೇ ಬಿಡಿಸಿ ನೋಡುತ್ತೇನೆ.

ಮೊದಲು ಪದವನ್ನೇ ತೆಗೆದುಕೊಳ್ಳೋಣ. ‘ವಿಂಟೇಜ್’ ಎಂಬುದು ದ್ರಾಕ್ಷಿಯ ಕೊಯ್ಲಿನಿಂದ ಬಂದ ಮಾತು. ಈ ಮದ್ಯ ಇಂಥ ವರ್ಷ ಕೊಯ್ದ ದ್ರಾಕ್ಷಿಯದು ಎಂದು ಸೀಸೆಯ ಮೇಲೆ ಇಸವಿ ನಮೂದಿಸುವ ಪದ್ಧತಿಗೆ ಆ ಹೆಸರು. ಅಂದರೆ ಅದು ಮೂಲದಲ್ಲಿ ಒಂದು ಪ್ರಾಮಾಣಿಕ ದಿನಾಂಕ. ಈ ವರ್ಷದ ಮೇ ತಿಂಗಳಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಗಂಟೆಗೆ ನೂರು ವರ್ಷದ ಮುಪ್ಪು ಬಳಿದು ಅದನ್ನು ‘ವಿಂಟೇಜ್’ ಎಂದು ಕರೆಯುವುದು ಆ ಪದವನ್ನೇ ತಲೆಕೆಳಗು ಮಾಡಿದಂತೆ. ನಮ್ಮ ಕಚೇರಿಯಲ್ಲಿ ಯಾರಾದರೂ ಇಂದು ಬರೆದ ಟಿಪ್ಪಣಿಗೆ ಹಿಂದಿನ ದಿನಾಂಕ ಹಾಕಿ ಸಹಿ ಮಾಡಿದರೆ ವಿಚಾರಣೆ ನಡೆಯುತ್ತದೆ, ಭಡ್ತಿ ನಿಲ್ಲುತ್ತದೆ. ಅಂಗಡಿಯಲ್ಲಿ ಗಂಟೆಗೆ ಹಿಂದಿನ ದಿನಾಂಕ ಹಾಕಿದರೆ ಬೆಲೆ ಏರುತ್ತದೆ. ಗಿರಾಕಿಗೂ ಅದು ಗೊತ್ತಿರುತ್ತದೆ. ಗೊತ್ತಿದ್ದೂ ಕೊಳ್ಳುತ್ತಾನೆ, ಗೊತ್ತಿದ್ದೂ ನೆಂಟರಿಗೆ ತೋರಿಸುತ್ತಾನೆ.

ಈ ಗಂಟೆ ಬರುವುದಾದರೂ ಎಲ್ಲಿಂದ? ಜಗತ್ತಿನ ಕ್ರಿಸ್ಮಸ್ ಅಲಂಕಾರದ ಬಹುಪಾಲು ತಯಾರಾಗಿ ಹೊರಡುವುದು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಯೀವೂ ಎಂಬ ನಗರದಿಂದ. ಅಲ್ಲಿ ದುಡಿಯುವ ಬಡವರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅವರೂ ನಮ್ಮಂತೆ ಹಳ್ಳಿ ಬಿಟ್ಟು ನಗರ ಸೇರಿದವರೇ. ಯೀವೂದ ಕಾರ್ಖಾನೆ, ಲಂಡನ್ನಿನ ಅಜ್ಜಿಮನೆಯ ನೆನಪನ್ನು ತಯಾರಿಸಿ, ಮುಂಬಯಿಯ ಮಲಾಡಿನಲ್ಲಿರುವ ಮೂಲ್ಕಿಯವರ ಮನೆಗೆ ಮಾರುತ್ತದೆ. ಈ ಮೂರು ಊರಿಗೂ ಒಂದಕ್ಕೊಂದು ಏನು ಸಂಬಂಧ? ಆ ಅಜ್ಜಿ ಯಾರ ಅಜ್ಜಿ?

ಹಾಗಾದರೆ ನಿಜವಾದ ಹಳೆಯ ಅಲಂಕಾರ ಜಗತ್ತಿನಲ್ಲಿ ಇಲ್ಲವೇ ಎಂದರೆ, ಇದೆ. ಅದು ಹುಟ್ಟಿದ ಊರಿನಲ್ಲಿದೆ. ಜರ್ಮನಿಯ ಥುರಿಂಜಿಯಾದ ಬೆಟ್ಟಗಳ ನಡುವೆ ಲೌಷಾ ಎಂಬ ಸಣ್ಣ ಊರು. 1597ರಿಂದ ಅಲ್ಲಿ ಗಾಜಿನ ಕೆಲಸ ನಡೆದಿದೆ. 19ನೆಯ ಶತಮಾನದ ನಡುಭಾಗದಲ್ಲಿ ಅಲ್ಲಿನ ಕುಟುಂಬಗಳು ಕ್ರಿಸ್ಮಸ್ ಮರಕ್ಕೆ ತೂಗಿಸುವ ಗಾಜಿನ ಗುಂಡುಗಳನ್ನೂ ಹಣ್ಣುಗಳನ್ನೂ ಮನೆಯಲ್ಲೇ ಊದಿ ಮಾಡತೊಡಗಿದವು. ಗಂಡ ಉರಿಯ ಮುಂದೆ ಕೂತು ಗಾಜು ಊದುವನು. ಹೆಂಡತಿ ಗುಂಡಿನೊಳಗೆ ಬೆಳ್ಳಿಯ ದ್ರಾವಣ ಹಾಕಿ ಕುಲುಕುವಳು. ಮಕ್ಕಳು ಬಣ್ಣ ಬಳಿಯಲು, ಪೆಟ್ಟಿಗೆಗೆ ತುಂಬಲು ನೆರವಾಗುವರು. ಬಿಎಸ್ಸಿ ಓದಿದವರಿಗೆ ಈ ಬೆಳ್ಳಿಯ ಕೆಲಸ ಪರಿಚಿತ. ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟಿಗೆ ಗ್ಲೂಕೋಸ್ ಹಾಕಿ ಬಿಸಿನೀರಿನಲ್ಲಿಟ್ಟರೆ ಪರೀಕ್ಷಾನಳಿಕೆಯ ಒಳಮೈ ಕನ್ನಡಿಯಾಗುತ್ತದೆ. ಪ್ರಯೋಗಾಲಯದಲ್ಲಿ ನಾವೆಲ್ಲ ಅದನ್ನು ನೋಡಿ ಬೆರಗಾಗಿದ್ದೇವೆ. 1880ರ ಸುಮಾರಿಗೆ ಅಮೆರಿಕದ ವ್ಯಾಪಾರಿ ವುಲ್‌ವರ್ತ್ ಈ ಗಾಜಿನ ಗುಂಡುಗಳನ್ನು ತನ್ನ ಅಂಗಡಿಯಲ್ಲಿ ಮಾರತೊಡಗಿದ, ವ್ಯಾಪಾರ ಬೆಳೆಯಿತು. ಆ ಊರಿನ ಒಬ್ಬ ಅಜ್ಜಿಯ ಪೆಟ್ಟಿಗೆಯಲ್ಲಿ ತನ್ನ ತಂದೆ ಊದಿದ ಗುಂಡೊಂದು ಹತ್ತಿಯಲ್ಲಿ ಸುತ್ತಿಟ್ಟಿದ್ದರೆ ಅದಕ್ಕೆ ನನ್ನ ನಮಸ್ಕಾರ. ಅದು ಅವರ ಮನೆಯ ಸಂಪ್ರದಾಯ. ಅದರ ಪ್ಲಾಸ್ಟಿಕ್ ನಕಲು ನನ್ನ ಮನೆಯ ಸಂಪ್ರದಾಯವಾಗುವುದು ಹೇಗೆ?

ನಕಲಿನ ಈ ವ್ಯಾಪಾರ ಇಂದಿನದಲ್ಲ. ವಿಕ್ಟೋರಿಯಾ ರಾಣಿ, ಗಂಡ ಆಲ್ಬರ್ಟ್, ಮಕ್ಕಳು ಎಲ್ಲರೂ ದೀಪ ಹಚ್ಚಿದ ಮರದ ಸುತ್ತ ನಿಂತ ಚಿತ್ರವೊಂದು 1848ರಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಮನೆಮನೆಗೆ ಈ ಜರ್ಮನ್ ಪದ್ಧತಿ ಹಬ್ಬಲು ಆ ಚಿತ್ರ ಬಹುಮಟ್ಟಿಗೆ ಕಾರಣ. 1850ರಲ್ಲಿ ಅಮೆರಿಕದ ‘ಗೋಡೀಸ್ ಲೇಡೀಸ್ ಬುಕ್’ ಎಂಬ ಪತ್ರಿಕೆ ಅದೇ ಚಿತ್ರವನ್ನು ಮತ್ತೆ ಅಚ್ಚುಹಾಕಿತು. ಹೇಗೆ? ರಾಣಿಯ ತಲೆಯ ಮೇಲಿನ ಕಿರೀಟ ಅಳಿಸಿ, ಆಲ್ಬರ್ಟನ ಮೀಸೆ ತೆಗೆದು, ಅರಮನೆಯವರನ್ನು ಅಮೆರಿಕದ ಒಂದು ಸಾಧಾರಣ ಕುಟುಂಬವೆಂಬಂತೆ ಮಾಡಿ! ಇಂದು ನಾವು ‘ಹಳೆಯ ಕಾಲದ ಕ್ರಿಸ್ಮಸ್’ ಎಂದು ಮಾರುಕಟ್ಟೆಯಲ್ಲಿ ಕೊಳ್ಳುವ ಚಿತ್ರದ ಮೂಲ ಇಂಥದು. ವಿದ್ಯುದ್ದೀಪದ ಸರವಾದರೋ ಅದಕ್ಕೂ ಈಚಿನದು. ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ಬಣ್ಣದ ಬಲ್ಬು ಕಟ್ಟಿದ. ಅದು ವಿದ್ಯುತ್ತಿನ ಜಾಹೀರಾತೂ ಆಗಿತ್ತು.

ಹಳೆಯದೆಲ್ಲ ಒಳ್ಳೆಯದು ಎಂಬ ಭ್ರಮೆಯೂ ಬೇಡ. ಮರಕ್ಕೆ ಇಳಿಬಿಡುತ್ತಿದ್ದ ಹೊಳೆಯುವ ಎಳೆಗಳನ್ನು ಒಂದು ಕಾಲದಲ್ಲಿ ಸೀಸದಿಂದ ಮಾಡುತ್ತಿದ್ದರು. ಮಕ್ಕಳು ಬಾಯಿಗೆ ಹಾಕಿದರೆ ವಿಷವೆಂದು ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಅದು ನಿಂತಿತು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಿದ್ದ ಕೃತಕ ಹಿಮ ಕಲ್ನಾರು, ಅಂದರೆ ಆಸ್ಬೆಸ್ಟಾಸ್; ಉಸಿರಿನಲ್ಲಿ ಸೇರಿದರೆ ಶ್ವಾಸಕೋಶದ ಕಾಯಿಲೆ. ಹಳೆಯ ಬಣ್ಣಗಳಲ್ಲಿಯೂ ಸೀಸವಿತ್ತು. ನಮ್ಮ ದೇಶದಲ್ಲಿ ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂದು ನಿಯಮ ಬಂದದ್ದೇ 2016ರಲ್ಲಿ. ಆದ್ದರಿಂದ ಚೋರ್ ಬಜಾರಿನಲ್ಲಿ ಹುಡುಕಿ, ಬಣ್ಣ ಎದ್ದ ‘ಅಸಲಿ’ ಆಟಿಕೆ ತಂದು ಕೂಸಿನ ಕೈಗೆ ಎಟಕುವಂತೆ ತೂಗಿಸುವವರು ಸ್ವಲ್ಪ ಯೋಚಿಸಲಿ. ಹಾಗೆಯೇ ಥರ್ಮಕೋಲ್ ಹಿಮದ ಮನೆ ಕಟ್ಟುವವರಿಗೂ ಒಂದು ಮಾತು: ಅಲಂಕಾರಕ್ಕೆ ಥರ್ಮಕೋಲ್ ಬಳಸುವುದು 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷಿದ್ಧ. ಮಹಾರಾಷ್ಟ್ರದಲ್ಲಿ ಅದಕ್ಕೂ ಮುಂಚೆ, 2018ರಲ್ಲೇ ನಿಷೇಧ ಬಂದಿತ್ತು. ಆದರೂ ಪ್ರತಿ ವರ್ಷ ಕಣ್ಣಿಗೆ ಬೀಳುತ್ತಲೇ ಇದೆ.

ಇಷ್ಟು ಹೊರಗಿನ ಮಾತಾಯಿತು. ಇನ್ನು ನಮ್ಮ ಮನೆಯ ಕಡತ ಬಿಚ್ಚೋಣ.

ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿನ ನಡುಮನೆ ಮರವಲ್ಲ, ಗೋದಲಿ. ಯೇಸು ಹುಟ್ಟಿದ ದನದ ಕೊಟ್ಟಿಗೆ. ನಮ್ಮ ತಂದೆ ಡಿಸೆಂಬರಿನ ಎರಡನೆಯ ವಾರದಲ್ಲಿ ಹಳೆಯ ಗೋಣಿಚೀಲವನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ, ಕಲ್ಲು ಇಟ್ಟಿಗೆಗಳ ಮೇಲೆ ಸುಕ್ಕುಸುಕ್ಕಾಗಿ ಹರಡಿ ಬೆಟ್ಟ ಮಾಡುತ್ತಿದ್ದರು. ಗದ್ದೆ ಕೊಯ್ದ ಬೈಹುಲ್ಲಿನಿಂದ ಮಾಡು. ಒಡೆದ ಕನ್ನಡಿಯ ಚೂರಿಟ್ಟರೆ ಕೆರೆ. ತಾಯಿ ತೆಂಗಿನ ಗರಟೆಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತುತ್ತಿದ್ದರು. ಹಬ್ಬದ ದಿನಕ್ಕೆ ಅದು ಬೆರಳುದ್ದದ ಹಸಿರು ಗದ್ದೆಯಾಗುತ್ತಿತ್ತು. ಕುರುಬನ ಗೊಂಬೆಯ ಮೂಗು ಎಂದೋ ಮುರಿದು ಹೋಗಿ ಮೇಣದಿಂದ ಅಂಟಿಸಿದ್ದರು. ಆ ಮೂಗು ಸೊಟ್ಟಗಿರುವ ಕುರುಬ ನಮ್ಮ ಮನೆಯ ಒಬ್ಬ ಸದಸ್ಯನಂತೆ. ತೊಟ್ಟಿಲು ಮಾತ್ರ ಖಾಲಿ. 24ರ ನಡುರಾತ್ರಿಯ ಪೂಜೆ ಮುಗಿದ ಮೇಲೆ ಮನೆಯ ಕಿರಿಯ ಮಗು ಬಾಲಯೇಸುವನ್ನು ತಂದು ಅದರಲ್ಲಿ ಮಲಗಿಸಬೇಕು. ಮೂವರು ರಾಜರು ಕೋಣೆಯ ದೂರದ ಮೂಲೆಯಲ್ಲಿರುತ್ತಿದ್ದರು. ಅವರನ್ನು ದಿನಕ್ಕೆ ಇಷ್ಟಿಷ್ಟೇ ಮುಂದೆ ಸರಿಸುತ್ತ ಜನವರಿ 6ಕ್ಕೆ ಗೋದಲಿ ಮುಟ್ಟಿಸಬೇಕು. ಮಕ್ಕಳಿಗೆ ಬೇರೆ ಆಟ ಬೇಕಿರಲಿಲ್ಲ.

ಮರ ಇಡುವ ಮನೆಗಳಲ್ಲಿಯೂ ಅದು ಗಾಳಿಮರದ ಒಂದು ಕೊಂಬೆ. ಬಾಗಿಲ ಮುಂದೆ ಬಿದಿರ ಕಡ್ಡಿಯ ನಕ್ಷತ್ರ, ಒಳಗೊಂದು ದೀಪ. ಅಡಿಗೆಮನೆಯಲ್ಲಿ ಕುಸ್ವಾರ್: ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ, ಎಳ್ಳಿನ ಲಾಡು. ಅದನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೆ ಕಸೂತಿಯ ಬಟ್ಟೆ ಮುಚ್ಚಿ, ಎಲ್ಲಕ್ಕಿಂತ ಮೊದಲು ನೆರೆಯ ಶೆಟ್ಟರ ಮನೆಗೆ, ಬ್ಯಾರಿಗಳ ಮನೆಗೆ, ಭಟ್ಟರ ಮನೆಗೆ ಕಳಿಸುವುದು. ಭಟ್ಟರ ಮನೆಗೆ ಕರಿದದ್ದು ನಡೆಯದೆಂದು ಬಾಳೆಹಣ್ಣಿನ ಚಿಪ್ಪು. ತಟ್ಟೆ ಬರಿದಾಗಿ ಹಿಂದಿರುಗಿದ್ದನ್ನು ನಾನು ನೋಡಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿರುತ್ತಿತ್ತು. ಅಲಂಕಾರವೆಂದರೆ ಇವೆಲ್ಲ ಸೇರಿ. ಆ ತಟ್ಟೆಯ ಮೇಲಿನ ಬಟ್ಟೆಯೂ ಅಲಂಕಾರವೇ.

ಇದರಲ್ಲಿ ಕೊಂಡದ್ದು ಎಷ್ಟು? ಕೆಲವು ಗೊಂಬೆ, ಒಂದು ಬಲ್ಬು, ನಾಲ್ಕು ಹಾಳೆ ಬಣ್ಣದ ಕಾಗದ. ಮಿಕ್ಕದ್ದೆಲ್ಲ ಮನೆಯದು, ಹಿತ್ತಲಿನದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿತೇನೋ. ಊರು ಬಿಟ್ಟು ಬಂದ ನಾವು ಹಿತ್ತಲನ್ನು ಕಳೆದುಕೊಂಡೆವು, ಸರಿ. ಅದರ ನೆನಪನ್ನೂ ಅಗ್ಗಕ್ಕೆ ಮಾರಿ, ದುಬಾರಿ ಬೆಲೆಗೆ ಬೇರೆಯವರ ನೆನಪು ಕೊಳ್ಳಬೇಕೇ?

ಕಳೆದ ವರ್ಷ ನಮ್ಮ ಉಪನಗರದ ಒಂದು ವಸತಿ ಸಂಕೀರ್ಣದಲ್ಲಿ ‘ವಿಂಟೇಜ್ ಕ್ರಿಸ್ಮಸ್’ ಎಂಬ ಗೃಹಾಲಂಕಾರ ಸ್ಪರ್ಧೆ ನಡೆಯಿತು. ನಮ್ಮ ಕಡೆಯವರೇ ಆದ, ಎಪ್ಪತ್ತು ದಾಟಿದ ವಿಧವೆಯೊಬ್ಬರು ಅಲ್ಲಿ ಮಗನ ಮನೆಯಲ್ಲಿದ್ದಾರೆ. ಅವರು ಹಠ ಹಿಡಿದು ಗೋಣಿ, ಹುಲ್ಲು, ರಾಗಿಯ ಪೈರು ಎಲ್ಲವನ್ನೂ ಹೊಂದಿಸಿ ಗೋದಲಿ ಮಾಡಿದರು. ಅವರ ಅತ್ತೆಯ ಕಾಲದ ಮಣ್ಣಿನ ಎತ್ತು ಅದರಲ್ಲಿತ್ತು. ನೋಡಲು ಬಂದ ತೀರ್ಪುಗಾರರು ಯುವಕರು, ಸಭ್ಯರು. “ಆಂಟಿ, ತುಂಬಾ ಚೆನ್ನಾಗಿದೆ, ಆದರೆ ಇದು ಥೀಮಿಗೆ ಹೊಂದುವುದಿಲ್ಲವಲ್ಲ” ಎಂದರಂತೆ. ಬಹುಮಾನ ಹೋದದ್ದು ಅದೇ ತಿಂಗಳು ಆನ್‌ಲೈನಿನಲ್ಲಿ ತರಿಸಿದ ತುಕ್ಕುಬಣ್ಣದ ಲಾಟೀನುಗಳ ಮನೆಗೆ. ಆ ಮನೆಯವರನ್ನು ದೂರುತ್ತಿಲ್ಲ. ನನ್ನ ಪ್ರಶ್ನೆ ಇಷ್ಟೇ: ಆ ಇಡೀ ಸಂಕೀರ್ಣದಲ್ಲಿ ನಿಜವಾಗಿ ಹಳೆಯದಾದ ಒಂದೇ ಅಲಂಕಾರ ‘ಹಳೆಯ ಕಾಲದ’ ಸ್ಪರ್ಧೆಗೆ ಹೊಂದಲಿಲ್ಲವೆಂದರೆ, ಹಳೆಯ ಕಾಲ ಎಂದರೆ ಏನು? ಯಾರ ಕಾಲ? ಈ ವರ್ಷ ಆ ತಾಯಿ ಗೋದಲಿ ಮಾಡುವುದಿಲ್ಲ ಎಂದಿದ್ದಾರೆ. ಅವರ ಮೊಮ್ಮಗಳು ಆ ಎತ್ತನ್ನು ‘ಅನ್‌ಬಾಕ್ಸ್’ ಮಾಡುವುದನ್ನು ನೋಡುವ ಅವಕಾಶ ಒಂದು ವರ್ಷ ಕಡಿಮೆಯಾಯಿತು. ಇಂಥ ನಷ್ಟ ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ.

ಈಗ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು: “ನಿಮ್ಮ ಗೋದಲಿಯೂ ಹೊರಗಿನದೇ ತಾನೆ?” ಖಂಡಿತ. ಅಸ್ಸೀಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನು ಇಟ್ಟು ಬೆತ್ಲೆಹೇಮಿನ ಕೊಟ್ಟಿಗೆಯನ್ನು ಜನರ ಕಣ್ಣಮುಂದೆ ತಂದರು. 2023ಕ್ಕೆ ಅದಕ್ಕೆ 800 ವರ್ಷ ತುಂಬಿತು. ಆದರೆ ಹೊರಗಿನಿಂದ ಬಂದದ್ದೆಲ್ಲ ಹೊರಗಿನದಾಗಿಯೇ ಉಳಿಯುವುದಿಲ್ಲ. ಕನ್ನಡದ ಮಹಾ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಹೊರತಂದ ಕಿಟ್ಟೆಲ್ ಸಾಹೇಬರು ಹುಟ್ಟಿದ್ದು ಜರ್ಮನಿಯಲ್ಲಿ. ಆ ನಿಘಂಟು ಪರಕೀಯವೆಂದು ಯಾವ ಕನ್ನಡಿಗನಾದರೂ ಹೇಳುತ್ತಾನೆಯೇ? ಇಲ್ಲಿ ಕೂತು, ಇಲ್ಲಿನ ಮಾತು ಕೇಳಿ, ವರ್ಷಗಟ್ಟಲೆ ದುಡಿದದ್ದರಿಂದ ಅದು ನಮ್ಮದಾಯಿತು. ಗೋದಲಿಯೂ ಹಾಗೆಯೇ. ಇಟಲಿಯಿಂದ ಬಂದ ಕೊಟ್ಟಿಗೆಗೆ ನಮ್ಮವರು ನಮ್ಮ ಬೈಹುಲ್ಲು ಹೊದಿಸಿದರು, ನಮ್ಮ ರಾಗಿ ಬಿತ್ತಿದರು, ಕುರುಬನ ಹೆಗಲಿಗೆ ಕಂಬಳಿ ಹಾಕಿದರು. ಕೊಂಡುತಂದು ತೂಗಿಸಿದ್ದಕ್ಕೆ ಅಂಥ ದುಡಿಮೆಯ ಹಕ್ಕು ಇಲ್ಲ. ಹಾಗೆಂದ ಮೇಲೆ ಮರಕ್ಕೂ ನನ್ನ ವಿರೋಧವಿಲ್ಲ. ಚನ್ನಪಟ್ಟಣದವರು ಹಾಲೆಮರವನ್ನು ಚರಕಿಯಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟು ಮಾಡುವ ಗುಂಡು, ಗಂಟೆ, ಹಕ್ಕಿಗಳನ್ನು ಆ ಮರಕ್ಕೆ ಕಟ್ಟಿ ನೋಡಿ. ಕೈಜಾರಿ ಬಿದ್ದರೆ ಚೂರಾಗುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆಗ ಅದಕ್ಕೆ ‘ವಿಂಟೇಜ್’ ಎಂಬ ಹೆಸರು ನ್ಯಾಯವಾಗಿ ಸಿಗುತ್ತದೆ.

ಎರಡನೆಯದು: “ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಇದಕ್ಕೆಲ್ಲ ಜಾಗವೆಲ್ಲಿ, ಸಮಯವೆಲ್ಲಿ?” ಜಾಗದ ಲೆಕ್ಕ ಹೇಳುತ್ತೇನೆ. ನಮ್ಮ ಗೋದಲಿ ಕೂರುವುದು ಹೊಲಿಗೆ ಯಂತ್ರದ ಮೇಲೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ಆರಡಿ ಎತ್ತರದ ಪ್ಲಾಸ್ಟಿಕ್ ಮರಕ್ಕೆ ಇದಕ್ಕಿಂತ ಹೆಚ್ಚು ನೆಲ ಬೇಕು, ವರ್ಷದ ಹನ್ನೊಂದು ತಿಂಗಳು ಮಂಚದಡಿಯ ಜಾಗವೂ ಬೇಕು. ಹುಲ್ಲು, ರಾಗಿ, ಗೋಣಿ ಹಬ್ಬ ಮುಗಿದ ಮೇಲೆ ಮಣ್ಣಿಗೆ ಹೋಗುತ್ತವೆ. ಉಳಿಯುವುದು ಒಂದು ಬಿಸ್ಕತ್ತಿನ ಡಬ್ಬಿಯಷ್ಟು ಗೊಂಬೆ. ಹುಲ್ಲು ಬೇಕಾದರೆ ತಬೇಲಾದವನು ಒಂದು ಕಟ್ಟು ಕೊಡುತ್ತಾನೆ. ಮಣ್ಣಿನ ಎತ್ತು, ಕುರಿ ಬೇಕಾದರೆ ಧಾರಾವಿಯ ಕುಂಭಾರವಾಡಾದಲ್ಲಿ ಮಣ್ಣು ತುಳಿಯುವ ಕೈಗಳು ಇನ್ನೂ ಇವೆ. ಸಮಯದ ಮಾತಾದರೆ, ಸರಿಯಾದ ‘ಹಳೆಯ’ ಲಾಟೀನಿಗಾಗಿ ಫೋನಿನ ತೆರೆಯ ಮೇಲೆ ಬೆರಳಾಡಿಸಿದ ಗಂಟೆಗಳನ್ನು ಯಾರಾದರೂ ಲೆಕ್ಕ ಹಾಕಿದ್ದಾರೆಯೇ?

ಮೂರನೆಯದು: “ಮಕ್ಕಳಿಗೆ ಇದು ಹಿಡಿಸುವುದಿಲ್ಲ.” ಮಾಡಲು ಬಿಟ್ಟು ನೋಡಿದ್ದೀರಾ? ನಕ್ಷತ್ರವನ್ನೇ ತೆಗೆದುಕೊಳ್ಳಿ. ಇದು ಜ್ಯಾಮಿತಿಯ ಪಾಠ. 60 ಸೆಂಟಿಮೀಟರಿನ ಐದು ಬಿದಿರ ಕಡ್ಡಿ ತೆಗೆದುಕೊಂಡು, ಪ್ರತಿಯೊಂದಕ್ಕೂ ಎರಡೂ ತುದಿಯಿಂದ 23 ಸೆಂಟಿಮೀಟರಿಗೆ ಪೆನ್ಸಿಲಿನಿಂದ ಗುರುತು ಹಾಕಿ. ತುದಿಗೆ ತುದಿ ಸೇರಿಸಿ ಐದು ಮೂಲೆಯ ನಕ್ಷತ್ರ ಮಾಡಿದಾಗ ಕಡ್ಡಿಗಳು ಒಂದನ್ನೊಂದು ದಾಟುವುದು ಸರಿಯಾಗಿ ಆ ಗುರುತುಗಳ ಮೇಲೆಯೇ. ಪ್ರತಿ ಮೂಲೆಯ ಕೋನ 36 ಡಿಗ್ರಿ. ದಾರದಿಂದ ಬಿಗಿಯಾಗಿ ಕಟ್ಟಿ. ಇಂಥ ಎರಡು ನಕ್ಷತ್ರ ಮಾಡಿ, ಒಂದರ ಮೇಲೊಂದಿಟ್ಟು ಐದು ಮೂಲೆಗಳನ್ನು ಸೇರಿಸಿ ಕಟ್ಟಿ. ನಡುವಿನ ಐದು ಗಂಟುಗಳಲ್ಲಿ ಗೇಣುದ್ದದ ಐದು ತುಂಡು ಕಡ್ಡಿಗಳನ್ನು ನಿಲ್ಲಿಸಿದರೆ ಹೊಟ್ಟೆ ಉಬ್ಬಿ ಆಕಾರ ಬರುತ್ತದೆ. ಗಾಳಿಪಟದ ಕಾಗದ, ಮೈದಾ ಅಂಟು, ಅಂಟಿಗೆ ಹುಳು ಬೀಳದಂತೆ ಚಿಟಿಕೆ ಮೈಲುತುತ್ತು. ಮೈಲುತುತ್ತು ವಿಷ, ಆದ್ದರಿಂದ ಅಂಟು ಕಲಸುವುದು ದೊಡ್ಡವರೇ. ನಮ್ಮ ಬಾಲ್ಯದಲ್ಲಿ 40 ವಾಟಿನ ಬಲ್ಬಿನ ಬಿಸಿಗೆ ಕಾಗದ ಕಂದಿ ಹೋಗುತ್ತಿತ್ತು. ಈಗ ಮೂರು ವಾಟಿನ ಎಲ್‌ಇಡಿ ಸಾಕು, ಬೆಂಕಿಯ ಭಯ ಕಡಿಮೆ. ಜರ್ಮನಿಯಲ್ಲಿ ಹೆರ್ನ್‌ಹೂಟ್ ನಕ್ಷತ್ರವೆಂದು ಪ್ರಸಿದ್ಧವಾದದ್ದು ಹುಟ್ಟಿದ್ದೂ 1830ರ ದಶಕದಲ್ಲಿ, ನೀಸ್ಕಿ ಎಂಬ ಊರಿನ ಶಾಲೆಯ ಗಣಿತದ ಪಾಠದಲ್ಲಿ. ಅವರ ಮಕ್ಕಳು ಮಾಡಿದ್ದನ್ನು ನಾವು ಕೊಳ್ಳಬೇಕು, ನಮ್ಮ ಮಕ್ಕಳು ಮಾಡಬಾರದು ಎಂಬುದು ಯಾವ ನ್ಯಾಯ?

ನಾಲ್ಕನೆಯ ಆಕ್ಷೇಪ ಈ ಪತ್ರಿಕೆಯ ಬಹುಪಾಲು ಓದುಗರದು: “ನಾವು ಕ್ರಿಸ್ಮಸ್ ಆಚರಿಸುವವರಲ್ಲ. ನಮಗೇಕೆ ಈ ಜಗಳ?” ಸ್ವಾಮಿ, ಒಮ್ಮೆ ನಿಮ್ಮ ಬಾಗಿಲ ತೋರಣವನ್ನು ಮುಟ್ಟಿ ನೋಡಿ. ಅದು ಮಾವಿನ ಎಲೆಯೋ, ಮಾವಿನ ಎಲೆಯ ಬಣ್ಣದ ಪ್ಲಾಸ್ಟಿಕ್ಕೋ? ನವರಾತ್ರಿಗೆ ‘ಹಳ್ಳಿಯ ಸೊಗಡು’ ಎಂದು ಬಾಡಿಗೆಗೆ ತಂದ ಎತ್ತಿನಗಾಡಿಯ ಚಕ್ರವನ್ನು ಸಭಾಂಗಣದಲ್ಲಿ ನಿಲ್ಲಿಸುತ್ತೇವೆ. ಆದರೆ ಮನೆಯ ಪಟ್ಟದ ಗೊಂಬೆಗಳು ಟ್ರಂಕಿನಲ್ಲೇ ಇರುತ್ತವೆ. ಕಿನ್ನಾಳದ ಗೊಂಬೆ ಮಾಡುವವರ ಮನೆಗಳು ಬೆರಳೆಣಿಕೆಗೆ ಇಳಿಯುತ್ತಿವೆ. ದೀಪಾವಳಿಯ ಗೂಡುದೀಪವನ್ನೂ ನಮ್ಮ ನಕ್ಷತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ: ಅದೇ ಬಿದಿರ ಕಡ್ಡಿ, ಅದೇ ಕಾಗದ, ಅದೇ ಮೈದಾ ಅಂಟು. ಮಾಹಿಮ್‌ನ ಕಂದೀಲ್ ಗಲ್ಲಿಯಲ್ಲಿ ದೀಪಾವಳಿಗೆ ಕಂದೀಲು ಕಟ್ಟುವ ಕೈಗೆ ಕ್ರಿಸ್ಮಸ್ಸಿನ ನಕ್ಷತ್ರವೂ ಕಷ್ಟವಲ್ಲ. ಒಂದು ಹಬ್ಬದಲ್ಲಿ ಸೋತ ಕೈ ಇನ್ನೊಂದು ಹಬ್ಬದಲ್ಲಿ ಗೆಲ್ಲುವುದಿಲ್ಲ. ಇದು ನಮ್ಮೆಲ್ಲರ ಜಗಳ.

ಪರಸ್ಥಳದಲ್ಲಿರುವ ನಮಗೆ ಇದು ಇನ್ನೂ ಹೆಚ್ಚಿನ ಮಾತು. ಊರಿನಲ್ಲಿದ್ದವರಿಗೆ ಸಂಪ್ರದಾಯ ಮರೆತರೂ ನೆನಪಿಸಲು ಪಕ್ಕದ ಮನೆಯಿದೆ, ಗದ್ದೆಯಿದೆ, ಇಗರ್ಜಿಯ ಗಂಟೆಯಿದೆ. ಇಲ್ಲಿ ಮನೆಯ ನಾಲ್ಕು ಗೋಡೆಯೇ ಊರು. ಆ ಗೋಡೆಯ ಮೇಲೆ ನಾವು ಏನು ತೂಗಿಸುತ್ತೇವೆಯೋ ಅದೇ ನಮ್ಮ ಮಕ್ಕಳ ಬಾಲ್ಯದ ನೆನಪು. ನಲವತ್ತು ವರ್ಷದ ನಂತರ ಅವರು “ನಮ್ಮ ಮನೆಯಲ್ಲಿ ಹೀಗೆ ಮಾಡುತ್ತಿದ್ದರು” ಎಂದು ಹೇಳಬೇಕಾದರೆ ನಾವು ಏನನ್ನಾದರೂ ಮಾಡಿರಬೇಕು. ಪದಗಳ ಗತಿಯೂ ಅದೇ. ಗೋದಲಿ ಮಾಡದ ಮನೆಯಲ್ಲಿ ‘ಗೋದಲಿ’ ಎಂಬ ಮಾತು ಉಳಿಯುವುದಿಲ್ಲ. ಗರಟೆ, ಬೈಹುಲ್ಲು, ಕೆಮ್ಮಣ್ಣು ಇವೂ ಜೊತೆಗೆ ಹೋಗುತ್ತವೆ. ಕನ್ನಡ ಉಳಿಸಿ ಎಂದು ವೇದಿಕೆಯಲ್ಲಿ ಭಾಷಣ ಮಾಡುವ ನಾವು, ಕನ್ನಡದ ಮಾತುಗಳು ಬಾಳುವ ಕೆಲಸಗಳನ್ನು ಮನೆಯಿಂದ ಹೊರಗೆ ಹಾಕುತ್ತಿದ್ದೇವೆ.

ಆದ್ದರಿಂದ ಕಡತದ ಕೊನೆಯಲ್ಲಿ ಬರೆಯುವಂತೆ ನನ್ನ ಶಿಫಾರಸು ಇದು. ಅಲಂಕಾರದ ವಸ್ತುವೊಂದನ್ನು ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಮಾಡಿದ ಕೈ ಯಾರದೆಂದು ನಮಗೆ ಗೊತ್ತೇ? ಮುರಿದರೆ ಮನೆಯಲ್ಲೇ ಸರಿಮಾಡಬಹುದೇ? ಎರಡಕ್ಕೂ ‘ಇಲ್ಲ’ ಎಂದಾದರೆ ಕೊಳ್ಳುವುದು ಬೇಡ. ಸ್ಪರ್ಧೆ ಏರ್ಪಡಿಸುವ ಸಂಘಗಳು, ವಸತಿ ಸಂಕೀರ್ಣಗಳು ‘ವಿಂಟೇಜ್’ ಎಂಬ ವಿಷಯ ಬಿಟ್ಟು ‘ಮನೆಯಲ್ಲಿ ಮಾಡಿದ್ದು’ ಎಂಬ ಒಂದೇ ಷರತ್ತು ಇಡಲಿ. ನಮ್ಮ ಸಂಘದ ಪದಾಧಿಕಾರಿಗಳಲ್ಲಿಯೂ ಒಂದು ಅರಿಕೆ: ಡಿಸೆಂಬರಿನ ಒಂದು ಭಾನುವಾರ ಸಭಾಂಗಣವನ್ನು ಮಕ್ಕಳಿಗೆ ಬಿಟ್ಟುಕೊಡಿ. ಬಿದಿರ ಕಡ್ಡಿ ಸೀಳಿ ಕೊಡುವ ಜವಾಬ್ದಾರಿ ನನ್ನದು. ಹಿಂದೂ ಮಕ್ಕಳು, ಕ್ರೈಸ್ತ ಮಕ್ಕಳು, ಮುಸಲ್ಮಾನ ಮಕ್ಕಳು ಒಟ್ಟಿಗೆ ಕೂತು ಕಟ್ಟಲಿ. ಅದೇ ಕೈಚಳಕ ಮುಂದಿನ ದೀಪಾವಳಿಗೂ ಬರುತ್ತದೆ.

ಉಳಿದವರು ಕನಿಷ್ಠ ಇಷ್ಟು ಮಾಡಿ. ಕಿರಾಣಿ ಅಂಗಡಿಯಲ್ಲಿ ‘ನಾಚಣಿ’ ಎಂದು ಕೇಳಿ. ಹಿಟ್ಟಲ್ಲ, ಇಡೀ ಕಾಳು. ಡಿಸೆಂಬರ್ 12ರ ರಾತ್ರಿ ಒಂದು ಹಿಡಿ ನೆನೆಹಾಕಿ. ಮರುದಿನ ಗರಟೆಯಲ್ಲೋ ಹಳೆಯ ಬಟ್ಟಲಲ್ಲೋ ಮಣ್ಣು ತುಂಬಿ ಒತ್ತೊತ್ತಾಗಿ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿ, ಕಿಟಕಿಯ ಬಳಿ ಇಡಿ. ದಿನಕ್ಕೆರಡು ಬಾರಿ ನೀರು ಚಿಮುಕಿಸುವ ಕೆಲಸ ಮನೆಯ ಮಗುವಿಗೆ ಕೊಡಿ. 24ಕ್ಕೆ ಅದು ಹಸಿರಾಗಿರುತ್ತದೆ. ಅದಕ್ಕೆ ಯಾವ ಸುಳ್ಳು ದಿನಾಂಕವನ್ನೂ ಹಾಕುವ ಅಗತ್ಯವಿಲ್ಲ.